ಅಪ್ಪ ಪೋಸ್ಟಿಂಗಿಗೆ ಹೋದ ಮೇಲೆ: ಮಿಲಿಟರಿ ಮನೆಗಳ ಪುಟ್ಟ ಮಕ್ಕಳು

(ಶಿಶುವಿಹಾರ ಮತ್ತು ಅಂಗನವಾಡಿ ಶಿಕ್ಷಕಿಯರ ಎದುರು ಆಡಿದ ಮಾತಿನ ಬರಹ ರೂಪ)

ಮಿಲಿಟರಿಯವರ ಮಕ್ಕಳ ವಿಷಯ ಬಂದರೆ ಜನ ಎರಡು ಥರ ಮಾತಾಡುತ್ತಾರೆ. ಕೆಲವರು "ಪಾಪ, ಅಪ್ಪ ಇಲ್ಲದ ಮನೆ" ಅನ್ನುತ್ತಾರೆ. ಇನ್ನು ಕೆಲವರು "ಅವರಿಗೇನ್ರೀ, ಶಿಸ್ತಲ್ಲಿ ಬೆಳೆದ ಮಕ್ಕಳು, ಗಟ್ಟಿ ಇರ್ತಾರೆ" ಅನ್ನುತ್ತಾರೆ. ಎರಡೂ ಮಗುವನ್ನು ಹತ್ತಿರದಿಂದ ನೋಡದೆ ಆಡುವ ಮಾತು. ನೀವು ಮೂರು, ನಾಲ್ಕು ವರ್ಷದ ಮಕ್ಕಳ ಜೊತೆ ದಿನಾ ಇರುವವರು. ಹಾಗಾಗಿ ಇವತ್ತು ಆ ವಯಸ್ಸಿನವರ ಬಗ್ಗೆಯೇ ಮಾತಾಡುತ್ತೇನೆ. ಹೈಸ್ಕೂಲು ಮಕ್ಕಳ ಕಥೆ ಬೇರೆ, ಅದನ್ನು ಇವತ್ತು ಮುಟ್ಟುವುದಿಲ್ಲ.

ನಾನು ಹೇಳುವ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದವು, ಕೆಲವು ಬ್ರಿಟನ್ನಿನವು. ಅಲ್ಲಿನ ಅಂಕಿಗಳನ್ನು ತಂದು ಕೊಡಗಿನ ಮನೆಗೋ ಬೆಳಗಾವಿಯ ಮನೆಗೋ ಹಾಗೇ ಅಂಟಿಸಲು ಆಗುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಹಳೆಯ ಜಗಳದ ಕಥೆ. 1978ರಲ್ಲಿ ಅಮೆರಿಕದ ಒಬ್ಬ ಮನೋವೈದ್ಯರು ಒಂದು ಲೇಖನ ಬರೆದರು. ಅವರು ಸೇನಾ ನೆಲೆಯೊಂದರ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ಮಕ್ಕಳನ್ನು ನೋಡುತ್ತಿದ್ದವರು. ಕಟ್ಟುನಿಟ್ಟಿನ ಅಪ್ಪ, ಪದೇ ಪದೇ ಊರು ಬದಲಾವಣೆ, ಅಪ್ಪ ಮನೆಯಲ್ಲಿ ಇಲ್ಲದಿರುವುದು, ಇದೆಲ್ಲ ಸೇರಿ ಮಕ್ಕಳ ನಡವಳಿಕೆ ಕೆಡುತ್ತದೆ ಎಂದರು. ಅದಕ್ಕೆ 'ಮಿಲಿಟರಿ ಫ್ಯಾಮಿಲಿ ಸಿಂಡ್ರೋಮ್', ಅಂದರೆ ಸೇನಾ ಕುಟುಂಬದ ಕಾಯಿಲೆ, ಅಂತ ಹೆಸರನ್ನೂ ಇಟ್ಟರು. ಹೆಸರು ಇಟ್ಟ ಮೇಲೆ ಕೇಳಬೇಕೇ? ಅದು ಸಲೀಸಾಗಿ ಎಲ್ಲರ ಬಾಯಿಗೆ ಬಂತು.

ಇದರಲ್ಲಿ ಏನು ತೊಂದರೆ ಹೇಳಿ? ಕ್ಲಿನಿಕ್ಕಿಗೆ ಬಂದ ಮಕ್ಕಳನ್ನು ಮಾತ್ರ ನೋಡಿ ಮನೆಯಲ್ಲಿ ಆಡಿಕೊಂಡಿದ್ದ ಮಕ್ಕಳ ಬಗ್ಗೆಯೂ ತೀರ್ಪು ಕೊಟ್ಟರೆ ಹೇಗೆ? 1991ರಲ್ಲಿ ಪೀಟರ್ ಜೆನ್ಸನ್ ಅನ್ನುವ ಮಕ್ಕಳ ಮನೋವೈದ್ಯರು ಮತ್ತು ಅವರ ಜೊತೆಯವರು ಸೇನೆಯ ಸಾಮಾನ್ಯ ಕುಟುಂಬಗಳ ಮಕ್ಕಳನ್ನು ಅಳೆದು ನೋಡಿದರು. ತೊಂದರೆಯ ಮಟ್ಟ ದೇಶದ ಉಳಿದ ಮಕ್ಕಳಷ್ಟೇ ಅಥವಾ ಅದಕ್ಕಿಂತ ಕಡಿಮೆ ಇತ್ತು. ಸಿಂಡ್ರೋಮ್ ಬಿದ್ದುಹೋಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಹೊತ್ತಿಗೆ ಕೊಲ್ಲಿ ಯುದ್ಧ ಬಂತು. ಅಪ್ಪನೋ ಅಮ್ಮನೋ ಯುದ್ಧಕ್ಕೆ ಹೋದ ಮಕ್ಕಳನ್ನು ಅದೇ ಜೆನ್ಸನ್ ತಂಡ ಮತ್ತೆ ನೋಡಿತು. 1996ರಲ್ಲಿ ಅವರು ಪ್ರಕಟಿಸಿದ್ದು ಇಷ್ಟು: ಈ ಮಕ್ಕಳಲ್ಲಿ ಬೇಸರ, ಕುಗ್ಗುವಿಕೆ ಸ್ವಲ್ಪ ಜಾಸ್ತಿ ಆಗಿತ್ತು. ಆರೋಗ್ಯವಾಗಿದ್ದ ಮಗು ಅಷ್ಟಕ್ಕೇ ಕಾಯಿಲೆ ಬೀಳುವುದು ಅಪರೂಪ. ಆದರೆ ಚಿಕ್ಕ ಮಕ್ಕಳಿಗೆ ಮತ್ತು ಗಂಡು ಮಕ್ಕಳಿಗೆ ಪೆಟ್ಟು ಜಾಸ್ತಿ.

ಈ 'ಚಿಕ್ಕ ಮಕ್ಕಳಿಗೆ' ಅನ್ನುವುದನ್ನು ಹಿಡಿದುಕೊಂಡು ಮುಂದೆ ಹೋಗೋಣ.

ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ, ಲಂಡನ್ನಿಗೆ ಹೋಗಿ ಬರಬೇಕು. ದಾರಿ ತಪ್ಪಿದ ಹಾಗೆ ಕಾಣಬಹುದು, ಆದರೆ ಇದನ್ನು ಹೇಳದೆ ಇರಲಾರೆ. ಎರಡನೇ ಮಹಾಯುದ್ಧದಲ್ಲಿ, ಲಂಡನ್ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ, ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್‌ನಲ್ಲಿ ಪುಟ್ಟ ಮಕ್ಕಳಿಗಾಗಿ ಶಿಶುಗೃಹಗಳನ್ನು ನಡೆಸಿದರು. ಆನಾ ಅಂದರೆ ಮನೋವಿಶ್ಲೇಷಣೆ ಶುರು ಮಾಡಿದ ಸಿಗ್ಮಂಡ್ ಫ್ರಾಯ್ಡರ ಮಗಳು. ಅಲ್ಲಿಗೆ ಬಂದ ಮಕ್ಕಳಲ್ಲಿ ಕೆಲವರ ಅಪ್ಪ ಸೇನೆಯಲ್ಲಿ, ಅಮ್ಮ ಕೆಲಸದಲ್ಲಿ. ಕೆಲವರ ಮನೆಯೇ ಬಾಂಬಿಗೆ ಹೋಗಿತ್ತು. ಇಬ್ಬರೂ ದಿನಾ ಕೂತು ಬರೆದಿಟ್ಟರು. ಅವರು ಕಂಡದ್ದು ಏನು ಗೊತ್ತಾ? ಅಮ್ಮನ ಪಕ್ಕದಲ್ಲೇ ಇದ್ದು, ಅಮ್ಮ ಗಾಬರಿಯಾಗದೆ ಇದ್ದರೆ, ಬಾಂಬಿನ ಸದ್ದಿಗೂ ಮಗು ಅಷ್ಟಾಗಿ ಕದಡುತ್ತಿರಲಿಲ್ಲ. ಅಮ್ಮ ನಡುಗಿದರೆ ಮಗುವೂ ನಡುಗುತ್ತಿತ್ತು. ಬಾಂಬಿನಿಂದ ಕಾಪಾಡುವುದಕ್ಕೆ ಅಂತ ಅಮ್ಮನಿಂದ ಬಿಡಿಸಿ ದೂರದ ಹಳ್ಳಿಗೆ ಕಳಿಸಿದ ಮಗು ಮಾತ್ರ ಹೆಚ್ಚು ಕುಗ್ಗುತ್ತಿತ್ತು.

ಇನ್ನೊಂದು ವಿಷಯ. ಇದು ನಿಮ್ಮ ಕೆಲಸಕ್ಕೆ ಹತ್ತಿರದ್ದು. ಮೊದಮೊದಲು ಆ ಶಿಶುಗೃಹದಲ್ಲಿ ಎಲ್ಲ ಮಕ್ಕಳನ್ನೂ ಎಲ್ಲ ಆಯಾಗಳೂ ನೋಡಿಕೊಳ್ಳುತ್ತಿದ್ದರು. ಆಮೇಲೆ ನಾಲ್ಕೈದು ಮಕ್ಕಳಿಗೆ ಒಬ್ಬಳೇ ಆಯಾ ಅಂತ ಸಣ್ಣ ಸಣ್ಣ 'ಮನೆ' ಮಾಡಿದರು. ಮಾಡಿದ ಕೂಡಲೇ ಗಲಾಟೆ ಶುರು! ಇವಳು ನನ್ನವಳು ಅಂತ ಜಗಳ, ಅಳು, ಸೆರಗು ಬಿಡದೆ ಹಿಂದೆ ಬೀಳುವುದು. ಮೇಲಿಂದ ನೋಡಿದರೆ ಕೆಟ್ಟುಹೋಯಿತು ಅನ್ನಿಸಬೇಕು. ಆದರೆ ಆ ಗಲಾಟೆ ತಣ್ಣಗಾದ ಮೇಲೆ ಮಕ್ಕಳು ಬೇಗ ಬೇಗ ಬೆಳೆದರು. ಮಾತು ಹೆಚ್ಚಿತು, ಶೌಚದ ಅಭ್ಯಾಸ ಸುಧಾರಿಸಿತು. ಅಪ್ಪನ ಪರಿಚಯವೇ ಸರಿಯಾಗಿ ಇಲ್ಲದ ಮಕ್ಕಳು ಸಹ ಅಪ್ಪನ ಬಗ್ಗೆ ಕಥೆ ಕಟ್ಟಿ ಹೇಳುತ್ತಿದ್ದವು. ಕಣ್ಣಿಗೆ ಕಾಣದ ಅಪ್ಪನಿಗೂ ಮಗುವಿನ ಮನಸ್ಸಿನಲ್ಲಿ ಒಂದು ಜಾಗ ಇರುತ್ತದೆ.

ಈಗ ಇರಾಕ್, ಅಫ್ಘಾನಿಸ್ತಾನ ಯುದ್ಧಗಳ ಕಾಲಕ್ಕೆ ಬರೋಣ. 2007ರಲ್ಲಿ ಅಮೆರಿಕದ ಭೂಸೇನೆ ಒಂದು ಸಲ ಹೋದರೆ 15 ತಿಂಗಳು ಅಂತ ಮಾಡಿತು. ಎರಡು ವರ್ಷದ ಮಗುವಿಗೆ 15 ತಿಂಗಳು ಅಂದರೆ ಅದು ಬದುಕಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ.

2008ರಲ್ಲಿ ಮೊಲಿಂಡಾ ಚಾರ್ಟ್ರಂಡ್ ಅನ್ನುವ ಮಕ್ಕಳ ವೈದ್ಯೆ ಮತ್ತು ಜೊತೆಗಾರರು ಅಮೆರಿಕದ ಮರೀನ್ ಪಡೆಯ ನೆಲೆಯೊಂದರ ಶಿಶುಪಾಲನಾ ಕೇಂದ್ರಕ್ಕೆ ಬರುವ 169 ಕುಟುಂಬಗಳನ್ನು ಅಧ್ಯಯನ ಮಾಡಿದರು. ಒಂದೂವರೆಯಿಂದ ಐದು ವರ್ಷದ ಮಕ್ಕಳು. ಇದು ನನಗೆ ಇಷ್ಟವಾದ ಅಧ್ಯಯನ, ಯಾಕೆಂದರೆ ಅವರು ಅಪ್ಪ ಅಮ್ಮನನ್ನು ಮಾತ್ರ ಕೇಳಲಿಲ್ಲ, ಕೇಂದ್ರದಲ್ಲಿ ಮಗುವನ್ನು ನೋಡಿಕೊಳ್ಳುವವರನ್ನೂ ಕೇಳಿದರು. ಅಂದರೆ ನಿಮ್ಮಂಥವರನ್ನು. ಮೂರು ವರ್ಷ ದಾಟಿದ ಮಕ್ಕಳಲ್ಲಿ, ಅಪ್ಪ ಅಥವಾ ಅಮ್ಮ ಯುದ್ಧಕ್ಕೆ ಹೋಗಿದ್ದರೆ, ಹೊಡೆಯುವುದು, ಹಟ, ಸಿಟ್ಟು ಇಂಥವು ಓರಗೆಯ ಮಕ್ಕಳಿಗಿಂತ ಜಾಸ್ತಿ. ಮನೆಯಲ್ಲಿ ಉಳಿದವರ ಒತ್ತಡ, ಖಿನ್ನತೆಯ ಲೆಕ್ಕ ಕಳೆದ ಮೇಲೂ ಈ ವ್ಯತ್ಯಾಸ ಉಳಿಯಿತು. ಮೂರಕ್ಕಿಂತ ಚಿಕ್ಕವರಲ್ಲಿ ಹಾಗಿರಲಿಲ್ಲ. ಅವರು ಇನ್ನೂ ಸುಮ್ಮನಿದ್ದರು.

ಸುಮ್ಮನಿದ್ದರೆ ಒಳ್ಳೆಯದೇ ಅಲ್ವಾ ಅಂತ ನೀವು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದೂವರೆ ವರ್ಷದ ಮಗುವಿಗೆ ಅಪ್ಪ ಎಲ್ಲಿ ಹೋದ ಅನ್ನುವ ಪ್ರಶ್ನೆ ಕೇಳಲು ಭಾಷೆ ಇಲ್ಲ. ಅದರ ಸಂಕಟ ನಿದ್ದೆಯಲ್ಲಿ, ಊಟದಲ್ಲಿ, ಸೊಂಟ ಬಿಟ್ಟು ಇಳಿಯದಿರುವುದರಲ್ಲಿ ಕಾಣಬಹುದು. ನಡವಳಿಕೆಯ ಪಟ್ಟಿಗೆ ಟಿಕ್ ಹಾಕುವ ಅಧ್ಯಯನದಲ್ಲಿ ಅದು ಸಿಗದೇ ಹೋಗಬಹುದು. ಮೂರು, ನಾಲ್ಕರ ಮಗುವಿನ ವಿಷಯ ಬೇರೆ. ಅದಕ್ಕೆ ಕಾರಣ ಬೇಕು. ಕಾರಣ ನಾವು ಕೊಡದಿದ್ದರೆ ಅದೇ ಹುಡುಕಿಕೊಳ್ಳುತ್ತದೆ. "ನಾನು ಹಾಲು ಚೆಲ್ಲಿದ್ದಕ್ಕೆ ಅಪ್ಪ ಹೋಗಿಬಿಟ್ಟ." ಈ ವಯಸ್ಸಿನ ಮಗು ಲೋಕದಲ್ಲಿ ಆಗುವುದೆಲ್ಲ ತನ್ನಿಂದಲೇ ಅಂತ ತಿಳಿದಿರುತ್ತದೆ. ಅದರ ಹೊಡೆತ, ಕಚ್ಚುವಿಕೆಯ ಹಿಂದೆ ಇಂಥ ಲೆಕ್ಕಾಚಾರ ಇರಬಹುದು.

ಎರಡು ವರ್ಷದ ನಂತರ, 2010ರಲ್ಲಿ, ಇನ್ನೂ ದೊಡ್ಡ ಲೆಕ್ಕ ಬಂತು. ಗ್ರೆಗರಿ ಗೋರ್ಮನ್ ತಂಡ ಅಮೆರಿಕದ ಸೇನಾ ಕುಟುಂಬಗಳ 3ರಿಂದ 8 ವರ್ಷದ ಸುಮಾರು 6 ಲಕ್ಷ 40 ಸಾವಿರ ಮಕ್ಕಳ ಆಸ್ಪತ್ರೆ ದಾಖಲೆ ನೋಡಿತು. ಅಪ್ಪ ಅಥವಾ ಅಮ್ಮ ಯುದ್ಧಭೂಮಿಯಲ್ಲಿ ಇದ್ದಾಗ ಮಾನಸಿಕ, ನಡವಳಿಕೆಯ ತೊಂದರೆಗೆ ವೈದ್ಯರನ್ನು ಕಂಡದ್ದು ಶೇ. 11ರಷ್ಟು ಹೆಚ್ಚು. ನಡವಳಿಕೆಯ ತೊಂದರೆ ಒಂದನ್ನೇ ತೆಗೆದುಕೊಂಡರೆ ಶೇ. 19, ಒತ್ತಡದ ತೊಂದರೆ ಶೇ. 18 ಹೆಚ್ಚು.

ಅಂಕಿ ಕಂಡ ತಕ್ಷಣ ನಂಬಬೇಡಿ. ಆಸ್ಪತ್ರೆಗೆ ಹೋದದ್ದೇ ಕಾಯಿಲೆಯ ಅಳತೆಯಲ್ಲ. ಮೂರು ವರ್ಷದ ಮಗು ತಾನಾಗಿ ಆಸ್ಪತ್ರೆಗೆ ಹೋಗಲ್ಲ, ಯಾರೋ ಕರೆದುಕೊಂಡು ಹೋಗಬೇಕು. ಇದೇ ತಂಡ ಎರಡು ವರ್ಷದೊಳಗಿನ ಮಕ್ಕಳ ದಾಖಲೆಯನ್ನೂ ನೋಡಿತ್ತು. ಅಲ್ಲಿ ಗಮ್ಮತ್ತಿನ ಸಂಗತಿ ಸಿಕ್ಕಿತು. ದಂಪತಿಯಲ್ಲಿ ಒಬ್ಬರು ಹೋದಾಗ, ಉಳಿದವರು ಮಗುವನ್ನು ವೈದ್ಯರ ಹತ್ತಿರ ಒಯ್ಯುವುದು ಜಾಸ್ತಿಯಾಯಿತು. ಒಂಟಿ ಪೋಷಕರಾಗಿದ್ದ ಕಿರಿಯ ವಯಸ್ಸಿನ ಸೈನಿಕರು ಹೋದಾಗ, ಬೇರೆಯವರ ಕೈಗೆ ಬಂದ ಮಗುವನ್ನು ಒಯ್ಯುವುದು ಕಡಿಮೆಯಾಯಿತು. ಲಸಿಕೆ, ತೂಕ ನೋಡಿಸುವಂಥ ಮಾಮೂಲಿ ಭೇಟಿಯೂ ಕಡಿಮೆ. ಎರಡು ಕಡೆಯೂ ಮಕ್ಕಳು ಅದೇ ವಯಸ್ಸಿನವರು. ಬದಲಾದದ್ದು ಅವರನ್ನು ಎತ್ತಿಕೊಂಡವರು.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ಈ ನಾಲ್ಕೈದು ದಶಕದ ಸಂಶೋಧನೆ ಓದಿ ನನಗೆ ಅನ್ನಿಸುವುದು ಏನೆಂದರೆ, ಅಪ್ಪ ಇಲ್ಲದಿರುವುದನ್ನು ಮಗು ಜಾಸ್ತಿ ಅನುಭವಿಸುವುದು ಮನೆಯಲ್ಲಿ ಉಳಿದ ದೊಡ್ಡವರ ಮೂಲಕ. ಎಲ್ಲವೂ ಹಾಗೇ ಅಲ್ಲ. ಚಾರ್ಟ್ರಂಡ್ ಅಧ್ಯಯನ ಹೇಳಿದ ಹಾಗೆ ಮಗುವಿನ ಸ್ವಂತ ದುಃಖವೂ ಒಂದಿದೆ. ಆದರೆ ನಾವು ಕೈ ಹಾಕಿ ಏನಾದರೂ ಬದಲಾಯಿಸಬಹುದಾದ ಜಾಗ ಆ ದೊಡ್ಡವರದ್ದು.

2009ರಲ್ಲಿ ಎರಿಕ್ ಫ್ಲೇಕ್ ತಂಡ, ಸ್ವಲ್ಪ ದೊಡ್ಡ ಮಕ್ಕಳಿರುವ 101 ಮನೆಗಳನ್ನು ನೋಡಿತು. ಮಗು ಕಷ್ಟದಲ್ಲಿದೆಯೋ ಇಲ್ಲವೋ ಅಂತ ಮುಂದಾಗಿ ಹೇಳಬಲ್ಲ ಅಂಶಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮನೆಯಲ್ಲಿರುವ ಪೋಷಕರ ಒತ್ತಡ. ಆ ಪೋಷಕರಿಗೆ ಸೇನೆಯ ಕಡೆಯಿಂದಲೋ ಸುತ್ತಲಿನವರಿಂದಲೋ ಆಸರೆ ಇದ್ದರೆ ಒತ್ತಡವೂ ಇಳಿದಿತ್ತು. ಹೆಂಡತಿಯರ ಸ್ಥಿತಿ ನೋಡಬೇಕೆಂದರೆ 2010ರ ಮ್ಯಾನ್ಸ್‌ಫೀಲ್ಡ್ ಅಧ್ಯಯನ ಇದೆ. ಭೂಸೇನೆಯವರ 2,50,626 ಹೆಂಡತಿಯರ ದಾಖಲೆ. ಗಂಡ ಯುದ್ಧಕ್ಕೆ ಹೋದವರಲ್ಲಿ ಖಿನ್ನತೆ, ನಿದ್ದೆಗೆಡುವುದು, ಆತಂಕ ಎಲ್ಲ ಹೆಚ್ಚು. 11 ತಿಂಗಳು ದಾಟಿದರೆ ಇನ್ನೂ ಹೆಚ್ಚು.

ಇದರ ಕಹಿ ತುದಿಯನ್ನೂ ಹೇಳಬೇಕು. 2007ರಲ್ಲಿ ಡೆಬೊರಾ ಗಿಬ್ಸ್ ತಂಡ, ಮಕ್ಕಳ ಮೇಲೆ ದೌರ್ಜನ್ಯ ಅಥವಾ ನಿರ್ಲಕ್ಷ್ಯ ಸಾಬೀತಾದ 1,771 ಸೈನಿಕ ಕುಟುಂಬಗಳನ್ನು ನೋಡಿತು. ನೆನಪಿಡಿ, ಇವು ಎಲ್ಲ ಕುಟುಂಬಗಳಲ್ಲ, ಮೊದಲೇ ಪ್ರಕರಣ ಆಗಿದ್ದ ಮನೆಗಳು. ಅದೇ ಮನೆಗಳಲ್ಲಿ, ಸೈನಿಕ ಊರಲ್ಲಿ ಇದ್ದ ಕಾಲಕ್ಕಿಂತ ಯುದ್ಧಕ್ಕೆ ಹೋಗಿದ್ದ ಕಾಲದಲ್ಲಿ ಇಂಥ ಘಟನೆಗಳ ದರ ಶೇ. 42 ಹೆಚ್ಚು. ನಿರ್ಲಕ್ಷ್ಯವಂತೂ ಹತ್ತಿರ ಹತ್ತಿರ ಎರಡು ಪಟ್ಟು. ಕೆಟ್ಟ ತಾಯಂದಿರು ಅಂತ ಇದನ್ನು ಓದಬಾರದು. ಒಬ್ಬಳೇ, ನಿದ್ದೆಯಿಲ್ಲದೆ, ಟೀವಿಯಲ್ಲಿ ಯುದ್ಧ ನೋಡುತ್ತಾ, ತವರಿನಿಂದ ಸಾವಿರ ಮೈಲಿ ದೂರದ ನೆಲೆಯಲ್ಲಿ ಮಗು ಸಾಕುವ ಹೆಣ್ಣುಮಗಳನ್ನು ಕಣ್ಣಮುಂದೆ ತಂದುಕೊಳ್ಳಿ.

ಸರಿ, ಅಪ್ಪ ವಾಪಸ್ ಬಂದರೆ ಎಲ್ಲ ಸರಿಹೋಗಬೇಕಲ್ಲ? ಇಲ್ಲೇ ನಮ್ಮ ಅಂದಾಜು ತಪ್ಪುವುದು. ಏರ್‌ಪೋರ್ಟಿನಲ್ಲಿ ಮಗು ಓಡಿ ಬಂದು ಅಪ್ಪಿಕೊಳ್ಳುವ ವಿಡಿಯೋಗಳನ್ನು ನೀವೆಲ್ಲ ನೋಡಿದ್ದೀರಿ. ಅಪ್ಪನನ್ನು ಕಂಡು ಕಿರುಚಿಕೊಂಡು ಅಜ್ಜಿಯ ಹಿಂದೆ ಅಡಗುವ ಮಗುವಿನ ವಿಡಿಯೋವನ್ನು ಯಾರೂ ಹಾಕುವುದಿಲ್ಲ. ಒಂದು ವರ್ಷದ ಮಗುವಿಗೆ ಅವನು ಹೊಸಬ. ಮೂರು ವರ್ಷದ್ದಕ್ಕೆ, ಅಮ್ಮನ ಪಕ್ಕದ ಜಾಗ ಕಿತ್ತುಕೊಂಡವನು. ನಾಲ್ಕು ವರ್ಷದ್ದಕ್ಕೆ ಸಿಟ್ಟು: ಬಿಟ್ಟು ಹೋದೆ ಅಲ್ವಾ? ಅಪ್ಪನಿಗೂ ಅವಮಾನ ಅನ್ನಿಸುತ್ತದೆ. ಅವನು ಬಿಟ್ಟುಹೋದದ್ದು ಹಾಲು ಕುಡಿಯುವ ಕೂಸನ್ನು, ಎದುರಿಗೆ ನಿಂತದ್ದು "ಬೇಡ" ಅನ್ನುವ ಮಗು.

2016ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಸಂಶೋಧಕರು ಸೈನಿಕ ಮನೆಗಳ ಎರಡು ವರ್ಷದೊಳಗಿನ ಮಕ್ಕಳನ್ನು ನೋಡಿದರು. ಒಮ್ಮೆ ಮಾತ್ರ ಯುದ್ಧಕ್ಕೆ ಹೋಗಿ ಬಂದವರ ಮನೆಗಳಲ್ಲಿ ದೌರ್ಜನ್ಯದ ಅಪಾಯ ಹೆಚ್ಚಿದ್ದು ವಾಪಸ್ ಬಂದ ಮೊದಲ ಆರು ತಿಂಗಳಲ್ಲಿ. ಎಲ್ಲರೂ ಇನ್ನೇನು ಚಿಂತೆಯಿಲ್ಲ ಅಂತ ನಿರಾಳವಾಗುವ ಹೊತ್ತು ಅದು.

ಪಾಲಿನ್ ಬಾಸ್ ಅನ್ನುವವರು 1970ರ ದಶಕದಲ್ಲಿ ವಿಯೆಟ್ನಾಂನಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳ ಜೊತೆ ಕೆಲಸ ಮಾಡಿದರು. ಗಂಡ ಇದ್ದಾನೋ ಸತ್ತಿದ್ದಾನೋ ಗೊತ್ತಿಲ್ಲ. ಅಳುವ ಹಾಗಿಲ್ಲ, ಕಾಯುವುದು ಬಿಡುವ ಹಾಗಿಲ್ಲ. ಇಂಥ ಅರೆಬರೆ ಕಳೆದುಕೊಳ್ಳುವಿಕೆಯಲ್ಲಿ ಅವರು ಎರಡು ಬಗೆ ಗುರುತಿಸಿದರು. ದೇಹ ಇಲ್ಲ, ಮನಸ್ಸಿನಲ್ಲಿ ಇದ್ದಾನೆ. ಇನ್ನೊಂದು, ದೇಹ ಮನೆಯಲ್ಲೇ ಇದೆ, ಮನಸ್ಸು ಇಲ್ಲ. ಎರಡನೆಯದು ಯುದ್ಧದಿಂದ ಬಂದ ಎಷ್ಟೋ ಅಪ್ಪಂದಿರಿಗೆ ಹೊಂದುತ್ತದೆ. ಬ್ರಿಟನ್ನಿನಲ್ಲಿ ಕಿಂಗ್ಸ್ ಕಾಲೇಜಿನ ನಿಕೋಲಾ ಫಿಯರ್ ತಂಡ 2018ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರ. ಅಪ್ಪ ಇರಾಕಿಗೋ ಅಫ್ಘಾನಿಸ್ತಾನಕ್ಕೋ ಹೋಗಿ ಬಂದದ್ದಕ್ಕೂ ಮಕ್ಕಳ ತೊಂದರೆಗೂ ನೇರ ಸಂಬಂಧ ಸಿಗಲಿಲ್ಲ. ಅಪ್ಪನಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ, ಇದ್ದ ಮನೆಗಳಲ್ಲಿ ಮಕ್ಕಳ ಚಡಪಡಿಕೆ ಹೆಚ್ಚಿತ್ತು.

ಹಾಗಾದರೆ ಏನು ಮಾಡಿದರು? ಮೂರು ಪ್ರಯತ್ನ ಹೇಳುತ್ತೇನೆ, ಬೇಗ ಬೇಗ. ಬಾಸ್ಟನ್ ವಿಶ್ವವಿದ್ಯಾಲಯದ ಎಲೆನ್ ಡಿವೋ ಮತ್ತು ರೂತ್ ಪ್ಯಾರಿಸ್ ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗಾಗಿ ಒಂದು ಕಾರ್ಯಕ್ರಮ ರೂಪಿಸಿದರು. ಸಲಹೆಗಾರರು ಮನೆಗೇ ಹೋಗುತ್ತಾರೆ. ಮಗುವಿಗೆ ಚಿಕಿತ್ಸೆ ಅನ್ನುವುದಕ್ಕಿಂತ, ಹಿಂದಿರುಗಿದ ಅಪ್ಪನಿಗೆ ಮಗುವಿನ ಕಣ್ಣಿಂದ ನೋಡುವುದನ್ನು ಕಲಿಸುತ್ತಾರೆ. ಅಪ್ಪಂದಿರ ಒತ್ತಡ ಇಳಿಯಿತು. 2006ರಲ್ಲಿ ಅಮೆರಿಕದ ಮಕ್ಕಳ ಟೀವಿಯಲ್ಲಿ ಎಲ್ಮೊ ಅನ್ನುವ ಕೆಂಪು ಗೊಂಬೆಯ ಅಪ್ಪ ದೂರ ಹೋದ ಹಾಗೆ ತೋರಿಸಿ, ಆ ವಿಡಿಯೋಗಳನ್ನು ಸೇನಾ ಕುಟುಂಬಗಳಿಗೆ ಉಚಿತವಾಗಿ ಹಂಚಿದರು. ಬ್ರಿಟನ್ನಿನಲ್ಲಿ ಸೈನಿಕರು ಹೋಗುವ ಮೊದಲು ತಮ್ಮ ದನಿಯಲ್ಲೇ ಕಥೆ ಓದಿ ರೆಕಾರ್ಡ್ ಮಾಡಿಟ್ಟು ಹೋಗುವ ಪದ್ಧತಿ ಇದೆ.

ಈಗ ನಮ್ಮ ಕಡೆಗೆ. ನಮ್ಮಲ್ಲಿ ಲೆಕ್ಕವೇ ಬೇರೆ. ಅಮೆರಿಕದ ಸೈನಿಕ ಒಂದು ಸಲ ಹೋದರೆ ಹೆಚ್ಚಾಗಿ ತಿಂಗಳುಗಟ್ಟಲೆ ಅಲ್ಲೇ ಇದ್ದು ಬರುತ್ತಾನೆ. ನಮ್ಮ ಜವಾನ ಫೀಲ್ಡ್ ಪೋಸ್ಟಿಂಗಿಗೆ ಹೋದರೆ ಎರಡು ಮೂರು ವರ್ಷ ಕುಟುಂಬ ಜೊತೆಗೆ ಇರಲ್ಲ. ಆದರೆ ವರ್ಷಕ್ಕೆ 60 ದಿನದ ವಾರ್ಷಿಕ ರಜೆ, 30 ದಿನದ ಸಾಂದರ್ಭಿಕ ರಜೆ ಇದೆ. ಅದನ್ನು ತುಂಡು ತುಂಡು ಮಾಡಿಕೊಂಡು ಊರಿಗೆ ಬರುತ್ತಾನೆ. ಮಗುವಿನ ಕಡೆಯಿಂದ ನೋಡಿ. ಅಪ್ಪ ಬಂದ, ಹತ್ತು ದಿನ ದೂರದಿಂದ ನೋಡಿತು, ಆಮೇಲೆ ಹೆಗಲೇರಿತು, ಇನ್ನೇನು ರಾತ್ರಿ ಅಪ್ಪನ ಪಕ್ಕ ಮಲಗಲು ಶುರು ಮಾಡಿತು, ಅಷ್ಟರಲ್ಲಿ ಟ್ರಂಕು ಕಟ್ಟಿದ್ದಾಯಿತು. ಒಂದು ದೊಡ್ಡ ಅಗಲಿಕೆಯ ಬದಲು ಹತ್ತಾರು ಸಣ್ಣವು. ಆ ಬಂದ ದಿನಗಳಾದರೂ ಮಗುವಿಗೆ ಸಿಗುತ್ತವಾ? ಮನೆ ರಿಪೇರಿ, ಬ್ಯಾಂಕು, ತಾಲ್ಲೂಕು ಕಚೇರಿ, ತಂಗಿಗೆ ಗಂಡು ನೋಡುವುದು, ಊರಹಬ್ಬ, ಎಲ್ಲ ಆ ರಜೆಗೇ ಕಾದಿರುತ್ತವೆ.

ಮನೆಯಲ್ಲಿ ಉಳಿದವರೂ ಬೇರೆ. ಇಲ್ಲಿ ಅಮ್ಮ ಒಬ್ಬಳೇ ಇರುವುದು ಕಡಿಮೆ. ಕ್ವಾರ್ಟರ್ಸ್ ಸಿಕ್ಕರೆ ಅಲ್ಲಿ, ಇಲ್ಲದಿದ್ದರೆ ಅತ್ತೆ ಮನೆ ಅಥವಾ ತವರು. ಅಜ್ಜಿ, ತಾತ, ಚಿಕ್ಕಪ್ಪ ಎಲ್ಲ ಇದ್ದಾರೆ. ಎತ್ತಿಕೊಳ್ಳುವ ಕೈ ಜಾಸ್ತಿ, ಅದು ದೊಡ್ಡ ಬಲ. ಆದರೆ ಸೊಸೆಯನ್ನು ಅಳೆಯುವ ಕಣ್ಣೂ ಜಾಸ್ತಿ. ತಾಯಿ ನಗುನಗುತ್ತಾ ಇದ್ದರೂ ಮಾತು, ಕಣ್ಣೀರು ಹಾಕಿದರೂ ಮಾತು. ಜನ ಸುತ್ತ ಇದ್ದಾರೆ ಅಂದ ಮಾತ್ರಕ್ಕೆ ಆಸರೆ ಇದೆ ಅಂತ ಬರೆದುಕೊಳ್ಳಬೇಡಿ.

ನಮ್ಮಲ್ಲಿ ದಿನಾ ವಿಡಿಯೋ ಕಾಲ್ ಇದೆ, ಸಿಗ್ನಲ್ ಸಿಕ್ಕರೆ. ಇದರ ಬಗ್ಗೆ ಒಳ್ಳೆಯ ಸುದ್ದಿಯೇ ಇದೆ. 2014ರಲ್ಲಿ ಅಮೆರಿಕದ ಸಂಶೋಧಕರು ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಪದ ಕಲಿಸಿ ನೋಡಿದರು. ರೆಕಾರ್ಡ್ ಮಾಡಿದ ವಿಡಿಯೋದಿಂದ ಮಕ್ಕಳು ಕಲಿಯಲಿಲ್ಲ. ಮಾತಿಗೆ ಮಾತು ಕೊಡುವ ವಿಡಿಯೋ ಕಾಲ್‌ನಿಂದ, ಎದುರಿಗೆ ಕೂತು ಕಲಿತ ಹಾಗೇ ಕಲಿತರು. ಹಾಗಾಗಿ ಅಪ್ಪಂದಿರಿಗೆ ಹೇಳಿ: "ಊಟ ಆಯ್ತಾ, ಓದಿದ್ಯಾ" ಅಂತ ವಿಚಾರಣೆ ಮಾಡಬೇಡಿ. ಮಗು ಆಡುತ್ತಿದ್ದರೆ ಆ ಆಟಕ್ಕೇ ಸೇರಿಕೊಳ್ಳಿ. ಅದು ಕಾರು ಓಡಿಸಿದರೆ ನೀವು ಹಾರ್ನ್ ಹೊಡೆಯಿರಿ. ಎರಡು ನಿಮಿಷಕ್ಕೆ ಮಗು ಎದ್ದು ಹೋದರೆ ಬೇಜಾರು ಮಾಡಿಕೊಳ್ಳಬೇಡಿ, ಆ ವಯಸ್ಸಿಗೆ ಅಷ್ಟೇ.

ನಿಮ್ಮ ಕೈಯಲ್ಲಿ ಆಗುವುದೂ ಇದೆ. ದಾಖಲಾತಿ ಫಾರಂನಲ್ಲಿ ತಂದೆಯ ಉದ್ಯೋಗ ಅಂತ ಇರುತ್ತದೆ, 'ಸೇನೆ' ಅಂತ ಬರೆದಿರುತ್ತಾರೆ, ಅಲ್ಲಿಗೆ ಮುಗಿಯಿತು. ಇನ್ನೆರಡು ಕೇಳಿ: ಮಗುವನ್ನು ರಾತ್ರಿ ಮಲಗಿಸುವವರು ಯಾರು? ಮುಂದಿನ ರಜೆ ಯಾವಾಗ? ರಜೆ ಮುಗಿದ ವಾರ ಮಗು ಚಡ್ಡಿಯಲ್ಲಿ ಉಚ್ಚೆ ಮಾಡಿಕೊಂಡರೆ, ಪಕ್ಕದವನನ್ನು ಕಚ್ಚಿದರೆ ನಿಮಗೆ ಕಾರಣ ಗೊತ್ತಿರುತ್ತದೆ. ಆ ಎರಡು ವಾರ ಸಾಧ್ಯವಾದರೆ ಒಬ್ಬರೇ ಟೀಚರ್ ಆ ಮಗುವಿನ ಹತ್ತಿರ ಇರಿ. ಬಿಡಲು ಬಂದ ಅಮ್ಮನನ್ನು "ನೀವು ಹೇಗಿದ್ದೀರಿ?" ಅಂತ ಕೇಳಿ. "ಮಗು ಹೇಗಿದೆ" ಅಂತ ಕೇಳುವವರು ಬೇಕಾದಷ್ಟು ಜನ ಇರುತ್ತಾರೆ.

ಕೊನೆಗೆ ಒಬ್ಬ ಶಿಕ್ಷಕಿ ಕೇಳಿದ ಪ್ರಶ್ನೆ. "ಅಜ್ಜಿ ಮಗುವಿಗೆ ದಿನಾ 'ಅಪ್ಪ ನಾಳೆ ಬರ್ತಾರೆ' ಅಂತ ಸಮಾಧಾನ ಹೇಳ್ತಾರೆ ಸರ್. ಮಗು ನಮ್ಮ ಹತ್ತಿರ ಬಂದು ನಾಳೆ ಅಪ್ಪ ಬರ್ತಾರೆ ಅನ್ನುತ್ತೆ. ನಾವು ಹೂಂ ಅನ್ನಬೇಕಾ, ಇಲ್ಲ ಅನ್ನಬೇಕಾ?"

ಅಜ್ಜಿಯ ಮೇಲೆ ಸಿಟ್ಟು ಬೇಡ, ಅವರಿಗೂ ಅದು ಮಗ. ಆದರೆ ಹೂಂ ಅನ್ನಬೇಡಿ. ದಿನ ಎಣಿಸುವ ಆಟವನ್ನೂ, ಅಂದರೆ ಡಬ್ಬಿಯಿಂದ ದಿನಕ್ಕೊಂದು ಹುಣಸೆಬೀಜ ತೆಗೆಯುವಂಥದ್ದನ್ನು, ಟಿಕೆಟ್ ಕೈಗೆ ಬರುವ ತನಕ ಶುರು ಮಾಡಬೇಡಿ. ಸೇನೆಯಲ್ಲಿ ರಜೆ ಯಾವಾಗ ರದ್ದಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಹೀಗೆ ಹೇಳಿ: "ನಾಳೆ ಅಲ್ಲ ಕಂದ. ಅಪ್ಪ ದೂರದಲ್ಲಿ ಕೆಲಸದಲ್ಲಿ ಇದ್ದಾರೆ. ನೀನು ಏನೋ ತಪ್ಪು ಮಾಡಿದ್ದಕ್ಕೆ ಹೋಗಿದ್ದಲ್ಲ. ಬರುವ ದಿನ ಗೊತ್ತಾದ ತಕ್ಷಣ ಅಮ್ಮ ನಿನಗೆ ಹೇಳ್ತಾಳೆ." ಮಗು ಅತ್ತರೆ ಅಳಲಿ, ಹತ್ತಿರ ಕೂರಿಸಿಕೊಳ್ಳಿ. ಸಂಜೆ ಅಮ್ಮ ಕರೆದುಕೊಂಡು ಹೋಗಲು ಬಂದಾಗ, ನೀವು ಹೇಳಿದ ಮಾತನ್ನು ಅವರಿಗೂ ಹಾಗೇ ಹೇಳಿ, ಅಜ್ಜಿಗೆ ಅವರೇ ತಿಳಿಸಲಿ. ಮನೆಯಲ್ಲೊಂದು, ಶಾಲೆಯಲ್ಲೊಂದು ಉತ್ತರ ಆಗಬಾರದು.